ಬೇಲಿಯ ಸದ್ದು

"ಹುಷಾರು, ಬಾಗಿಲ ಮೂಲೆ! ಓರೆ ಮಾಡಿ, ಓರೆ!"

ನಾಲ್ವರು ಶವದ ಪೆಟ್ಟಿಗೆಯನ್ನು ಹೊಸ್ತಿಲು ದಾಟಿಸುತ್ತಿದ್ದಾಗ, ಮುಂದಿದ್ದ ಗುಂಗುರು ಕೂದಲಿನವನ ಜೇಬಿನಲ್ಲಿ ಫೋನು ಬಡಿದುಕೊಳ್ಳತೊಡಗಿತು. ನಿಂತಿತು, ಮತ್ತೆ ಬಡಿದುಕೊಂಡಿತು. ಎರಡೂ ಕೈ ಪೆಟ್ಟಿಗೆಯ ಮೇಲೆ, ತೆಗೆಯುವುದಾದರೂ ಹೇಗೆ? ಸತ್ತವನ ಹೆಂಡತಿ ಮನಸ್ಸಿನಲ್ಲೇ ಆ ಫೋನಿಗೆ ಹಿಡಿಶಾಪ ಹಾಕಿದಳು. ಬೆಳಗಿನಿಂದ ಅವಳಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ.

ಪೆಟ್ಟಿಗೆಯನ್ನು ಅಂಗಳದ ಬೆಂಚಿನ ಮೇಲಿಳಿಸಿ ಅವನು ಫೋನೆತ್ತಿದ. ಮುಖ ಬಿಳಿಚಿಕೊಂಡಿತು.

"ಮೇಡಂ, ಉಪಗ್ರಹದ ಆಂಟೆನಾದವರು. ಇವತ್ತಿನ ಆಯ್ಕೆ ಬಂದೇ ಇಲ್ಲವಂತೆ."

"ಯಾಕೆ, ನೀನು ಕಳಿಸ್ಲಿಲ್ವಾ?" ಎಂದಳು ಸತ್ತವನ ಕಚೇರಿಯ ಮುಖ್ಯಸ್ಥೆ.

"ನೀವು ಉಳ್ಕೋತೀರಿ ಅಂದ್ಕೊಂಡೆ."

"ನಾನಾ? ಕಿವಿಯಣ್ಣನ ಮಣ್ಣಿಗೆ ನಾನು ಬರದೇ ಇರ್ತೀನಾ?"

ಸರಿಹೋಯಿತು! ಒಬ್ಬರನ್ನು ನಂಬಿ ಇನ್ನೊಬ್ಬರು, ಕಚೇರಿಗೆ ಕಚೇರಿಯೇ ಇಲ್ಲಿ ಬಂದು ನಿಂತಿತ್ತು.

"ಇನ್ನು ಸ್ವಲ್ಪ ಹೊತ್ತಿಗೆ ಉಪಗ್ರಹ ಮರೆಯಾಗುತ್ತೆ," ಎಂದ ಗುಂಗುರು ಕೂದಲಿನವನು. " ಆಮೇಲೆ ಹಳೇದರ ಮೇಲೆ ಹೊಸದನ್ನ ಬರ್ಕೊಂಡ್ಬಿಡುತ್ತೆ. ಬೆಳಿಗ್ಗೆ ಬೇಲಿ ದಾಟಿದ್ದೆಲ್ಲ ಹೋಯ್ತು ಅಂತಲೇ ಲೆಕ್ಕ."

ಮುಖ್ಯಸ್ಥೆ ಪೆಟ್ಟಿಗೆಯತ್ತ ನೋಡಿದಳು. "ಹೋಗ್ಲಿ ಬಿಡು. ಒಂದು ದಿನದ್ದು ತಾನೆ. ಎತ್ತಿ."

*

ಮದುವೆಯಾದ ಹೊಸದರಲ್ಲಿ ಗಂಡ ತಟ್ಟೆಯ ಅಂಚಿನ ಮೇಲೆ ಬೆರಳಾಡಿಸುತ್ತ ಅವಳಿಗೆ ವಿವರಿಸಿದ್ದ. ಭೂಮಿಯೊಳಗಿನ ಅಯಸ್ಕಾಂತದ ಶಕ್ತಿಗೆ ಆಕಾಶದಲ್ಲಿ ಒಂದು ಬೇಲಿಯಿದೆ. ಸೂರ್ಯನಿಂದ ಬೀಸುವ ಗಾಳಿ ಬಂದು ಅದಕ್ಕೆ ಹಾಯುತ್ತದೆ. ಬೇಲಿ ನಡುಗುತ್ತದೆ, ವಿದ್ಯುತ್ತು ತುಂಬಿದ ಅನಿಲದಲ್ಲಿ ಅಲೆಗಳೇಳುತ್ತವೆ. ಉಪಗ್ರಹ ಅತ್ತಿತ್ತ ದಾಟುವಾಗ ಅವನ್ನು ಹಿಡಿದಿಟ್ಟುಕೊಳ್ಳುತ್ತದೆ. ಆದರೆ ಅದರ ಹೊಟ್ಟೆ ಸಣ್ಣದು, ಎಲ್ಲವನ್ನೂ ಕೆಳಗೆ ಕಳಿಸಲಾರದು. ಯಾವ ತುಣುಕು ಉಳಿಯಬೇಕೆಂದು ದಿನವೂ ಒಬ್ಬ ಮನುಷ್ಯ ಹೇಳಬೇಕು. ಉಳಿದವರು ಪರದೆಯ ಗೆರೆ ನೋಡಿ ಆರಿಸುತ್ತಿದ್ದರು. ಇವನು ಗೆರೆಯನ್ನು ಸದ್ದಾಗಿಸಿಕೊಂಡು ಕೇಳುತ್ತಿದ್ದ. ಅದಕ್ಕೇ ಕಿವಿಯಣ್ಣ ಎಂಬ ಹೆಸರು ಬಿದ್ದದ್ದು.

"ಕಟ್ಕೊಂಡವಳು ನಾನು, ಕಿವಿ ಮಾತ್ರ ಆ ಡಬ್ಬಿಗೆ," ಎಂದು ಅವಳು ರೇಗುತ್ತಿದ್ದಳು. "ಒಂದಿನ ಬಿಟ್ರೆ ಏನು, ಆಕಾಶ ಕಳಚಿ ಬೀಳುತ್ತಾ?"

"ಬೀಳಲ್ಲ ಕಣೇ. ಆದ್ರೆ ಇವತ್ತಿನದು ನಾಳೆ ಸಿಗಲ್ಲ."

ಅವಳ ಅಮ್ಮ ತೀರಿಕೊಂಡ ದಿನವೂ ಅವನು ಆಯ್ಕೆ ಮುಗಿಸಿಯೇ ಬಂದ. ಅಷ್ಟರಲ್ಲಿ ಮಣ್ಣು ಮುಚ್ಚಿಯಾಗಿತ್ತು. ಅದನ್ನು ಅವಳು ಇವತ್ತಿಗೂ ಕ್ಷಮಿಸಿರಲಿಲ್ಲ.

*

ನಾಲ್ವರೂ ಮತ್ತೆ ಬಾಗಿ ಎತ್ತಿದರು. ಇಷ್ಟು ವರ್ಷ ಅವಳು ಬೇಡಿಕೊಂಡದ್ದು ಕೊನೆಗೂ ಆಗುತ್ತಿತ್ತು. ಹಾಳಾಗಿ ಹೋಗಲಿ! ಹಾಗಂದುಕೊಂಡಳೇ ಹೊರತು ಜೀವ ಒಪ್ಪಲಿಲ್ಲ. ಚಡಪಡಿಸಿ ಎರಡು ಹೆಜ್ಜೆ ಹೋದವಳು ದಾರಿಗೆ ಅಡ್ಡ ನಿಂತಳು.

"ಇಳಿಸಿ."

"ಅತ್ತಿಗೇ! ಎತ್ತಿದ ಮೇಲೆ ಯಾರಾದ್ರೂ ಇಳಿಸ್ತಾರಾ? ನೋಡಿದವರು ಏನಂತಾರೆ?" ನಾದಿನಿ ಅಳುತ್ತಲೇ ಗದರಿದಳು.

"ನಮ್ಮಮ್ಮನ ಮಣ್ಣಿಗೆ ನನ್ನ ಕಾಯಿಸಿದ್ರಲ್ಲ ನಿಮ್ಮಣ್ಣ? ಇವತ್ತು ಅವರು ಕಾಯ್ಲಿ. ಮೊದಲು ಆ ಆಯ್ಕೆ ಕಳಿಸಿ."

ಗುಂಗುರು ಕೂದಲಿನವನು ಕಾರಿನಿಂದ ಲ್ಯಾಪ್‌ಟಾಪ್ ತಂದು ಊಟದ ಮೇಜಿನ ಮೇಲೆ ತೆರೆದ. "ಈ ದೊಡ್ಡ ಏರಿಳಿತ ಇದೆಯಲ್ಲ, ಇದನ್ನ ಇಟ್ಕೊಳ್ಳೋಣ."

"ನೋಡಿ ಹೇಳ್ತೀಯಾ? ಕೇಳಿ ಹೇಳು."

"ನಂಗೆ ಕೇಳಿದ್ರೂ ಗೊತ್ತಾಗಲ್ಲ ಅಕ್ಕ. ಅದು ಅಣ್ಣಂಗೇ ಸರಿ."

"ಕೊಡಿಲ್ಲಿ."

ಗಂಡನ ಹೆಡ್‌ಫೋನು ಅವಳ ತಲೆಗೆ ಸಡಿಲ. ಎರಡೂ ಕೈಯಲ್ಲಿ ಒತ್ತಿ ಹಿಡಿದಳು. ಮೊದಲು ಏನೂ ಇಲ್ಲ. ಆಮೇಲೆ ಸಣ್ಣ ಸಿಳ್ಳೆ, ಕೆಳಗಿನಿಂದ ಮೇಲಕ್ಕೆ. ಇನ್ನೊಂದು, ಮತ್ತೊಂದು. ಕಡೆಗೆ ತಗ್ಗು ದನಿಯ ಗುರುಗುಟ್ಟು.

"ಇದಕ್ಕಾ?" ಎಂದಳು. ಅಳು ಬಂತು, ಸಿಟ್ಟೂ ಬಂತು. "ಇದಕ್ಕಾ ರೀ?"

ಮೂಗೊರೆಸಿಕೊಂಡು ಮತ್ತೆ ಹಾಕಿಸಿದಳು. "ಆ ಗುರುಗುಟ್ಟೋದು ಇರ್ಲಿ. ಅದಕ್ಕೆ ಮುಂಚಿನ ಸಿಳ್ಳೆ ಬಿಡಬೇಡ."

ಅವನು ಒತ್ತಿದ. ಆಯ್ಕೆ ಹೋಯಿತು. ನಿಟ್ಟುಸಿರು ಬಿಟ್ಟು ಹೊರಗೆ ಓಡಿದ. ಕೆಲಸ ಮುಗಿದಿತ್ತು. ಆದರೂ ಅವಳು ಹೆಡ್‌ಫೋನು ತೆಗೆಯಲಿಲ್ಲ.

"ಅತ್ತಿಗೆ, ಎಲ್ಲ ಹೆಗಲು ಕೊಟ್ಟು ನಿಂತಿದಾರೆ, ಬನ್ನಿ..." ಎನ್ನುತ್ತ ನಾದಿನಿ ಬಂದು ತೋಳು ಹಿಡಿದಳು. ಅವಳು ಹೆಡ್‌ಫೋನಿನ ಒಂದು ಬದಿಯನ್ನು ಹೊರಕ್ಕೆ ತಿರುಗಿಸಿ, ನಾದಿನಿಯ ಕತ್ತು ಬಳಸಿ ತನ್ನತ್ತ ಎಳೆದುಕೊಂಡಳು. ನಾದಿನಿಯ ಕಿವಿಗೂ ಆ ಸಿಳ್ಳೆ ಬಿತ್ತು. ಇಬ್ಬರೂ ಕೆನ್ನೆಗೆ ಕೆನ್ನೆ ಹಚ್ಚಿ ಮೇಜಿನ ಮೇಲೆ ಬಾಗಿ ನಿಂತರು. ಅಂಗಳದಲ್ಲಿ ಯಾರೋ ಕೆಮ್ಮಿ ಹೆಗಲು ಬದಲಾಯಿಸಿದರು.