ಒಲೆ ಮತ್ತೆ ಹತ್ತಿಸುವಾಗ

ಹೊಗೆ ವಾಲುತ್ತಿದೆ, ಒಳಕ್ಕೋ ಹೊರಕ್ಕೋ, ಬೆಂಕಿಕಡ್ಡಿ ಆರಿಸಿ ಒಲೆಯ ಬಾಯಿಗೆ ಹಿಡಿದಿದ್ದೇನೆ, ದಾರದಷ್ಟು ಸಣ್ಣ ಹೊಗೆ, ನನ್ನ ಕಡೆಗೇ ಬಂತು, ಇಲ್ಲ, ಅದು ನನ್ನ ಉಸಿರು ಎಳೆದದ್ದು, ಉಸಿರು ಬಿಗಿಹಿಡಿದು ಇನ್ನೊಂದು ಕಡ್ಡಿ ಗೀರಿದೆ — ಒಲೆ ಹತ್ತಿಸ್ತೀಯೋ ಅದರ ಜೊತೆ ಸಂಬಂಧ ಮಾತಾಡ್ತಿದ್ದೀಯೋ, ಬೆನ್ನ ಹಿಂದೆ ಕುರ್ಚಿಯಲ್ಲಿ ಅತ್ತೆ, ಎರಡು ಶಾಲು ಹೊದ್ದು, ಹತ್ತಿಸ್ತೀನಿ ಅತ್ತೆ, ಸ್ವಲ್ಪ ತಾಳಿ ಅಂದೆ, ತಾಳಿ ತಾಳಿ ಹದಿನೆಂಟು ದಿನ ಆಯ್ತಲ್ಲೇ, ಮೂಳೆಯೊಳಗೆ ಮಂಜು ಕಟ್ಟಿದೆ. ಹದಿನೆಂಟು ದಿನದಿಂದ ಮುಂದಿನ ಕೋಣೆ ಕಾಯಿಸುವ ಈ ಕಬ್ಬಿಣದ ಒಲೆ ಬಾಯಿ ಮುಚ್ಚಿಕೊಂಡು ತಣ್ಣಗೆ ಕೂತಿದೆ, ಕರೆಂಟಿನ ಹೀಟರ್ ಅತ್ತೆಯ ಪಾದ ಬಿಟ್ಟು ಇನ್ನೇನನ್ನೂ ಕಾಯಿಸುವುದಿಲ್ಲ, ಇವರು ಬೆಳಿಗ್ಗೆ ಬಸ್ ಡಿಪೋಗೆ ಹೊರಡುವಾಗ ಅಂದರು, ಚಿಮಣಿಯವನು ಎಲ್ಲ ಸರಿಮಾಡಿ ಹೋಗಿದ್ದಾನೆ, ಇವತ್ತಾದರೂ ಹತ್ತಿಸು, ಅಮ್ಮ ನಡುಗ್ತಾಳೆ. ಹೇಳುವುದು ಸುಲಭ, ಅವತ್ತು ಮನೆಯಲ್ಲಿದ್ದವಳು ನಾನು.

ಅವತ್ತೂ ಹೀಗೇ ಹನ್ನೊಂದು ಗಂಟೆ, ಅಡುಗೆಮನೆಗೆ ಹೊಗೆ ಹೊರಹಾಕುವ ಫ್ಯಾನ್ ಬಂದು ಮೂರನೇ ದಿನ, ಎಣ್ಣೆಯ ವಾಸನೆ ಬಟ್ಟೆಗೆಲ್ಲ ಹತ್ತುತ್ತೆ ಅಂತ ನಾನೇ ಹಟ ಹಿಡಿದು ಹಾಕಿಸಿದ್ದು, ಅದರ ಹಿಂದಿನ ವಾರ ಕಿಟಕಿ ಸಂದುಗಳಿಗೆಲ್ಲ ಟೇಪು ಅಂಟಿಸಿದವಳೂ ನಾನೇ, ಚಳಿಗಾಳಿ ಒಂದು ಎಳೆಯೂ ನುಗ್ಗದ ಹಾಗೆ, ಎಷ್ಟು ಅಚ್ಚುಕಟ್ಟಾಗಿ ಅಂಟಿಸಿದ್ದೆ, ಇವರು ಮೆಚ್ಚಿದ್ದರು. ಒಲೆ ಮಾತ್ರ ಆಗಿನಿಂದ ಮುನಿಸಿಕೊಂಡಿತ್ತು, ಬಾಗಿಲು ತೆಗೆದರೆ ಮುಖಕ್ಕೇ ಹೊಗೆ, ಸೌದೆ ಹಸಿ ಇರಬೇಕು ಅಂದುಕೊಂಡೆ, ಕೆಂಡವಾದ ಮೇಲೆ ಹೊಗೆ ನಿಂತಿತು, ಸದ್ಯ ಸರಿಹೋಯ್ತು ಅಂತ ಅಡುಗೆಮನೆಗೆ ಹೋಗಿ ಫ್ಯಾನ್ ಹಾಕಿ ಪಾತ್ರೆ ಉಜ್ಜಿದೆ — ಬೆಂಕಿಯಿಲ್ಲದೆ ಹೊಗೆಯಾಡಲ್ಲ ಅಂತಾರೆ, ಹೊಗೆಯೇ ಇಲ್ಲದೆ ಕೊಲ್ಲುವ ಬೆಂಕಿಗೆ ಯಾಕೆ ಒಂದು ಗಾದೆ ಇಲ್ಲ — ತಲೆ ಸಿಡಿಯುತ್ತಿತ್ತು, ಲೋಟ ಕೈಜಾರಿತು, ಬಗ್ಗಿದರೆ ಏಳಲಾಗಲಿಲ್ಲ, ಗೋಡೆ ಹಿಡಿದು ಮುಂದಿನ ಕೋಣೆಗೆ ಬಂದರೆ ಇದೇ ಕುರ್ಚಿಯಲ್ಲಿ ಅತ್ತೆಗೆ ನಿದ್ದೆ, ಕತ್ತು ಒಂದು ಕಡೆಗೆ, ಕೆನ್ನೆ ಎಷ್ಟು ಕೆಂಪು, ಬೂದಿ ಬಣ್ಣಕ್ಕಿದ್ದ ಕೆನ್ನೆ ಮದುವಣಗಿತ್ತಿಯ ಕೆನ್ನೆಯ ಹಾಗೆ, ಒಲೆಯ ಬಿಸಿ ಮೈಗೆ ಹಿಡಿಸಿದೆ ಅಂದುಕೊಂಡೆ. ಅಂದುಕೊಂಡು ಶಾಲು ಸರಿಮಾಡಿ ವಾಪಸ್ ಹೋದೆ. ಇದನ್ನು ಯಾರಿಗೂ ಹೇಳಿಲ್ಲ, ಇವರಿಗೂ ಹೇಳಿಲ್ಲ. ಹೊಟ್ಟೆ ತೊಳಸಿ ಹಿತ್ತಿಲ ಬಾಗಿಲು ತೆಗೆದೆನಲ್ಲ, ವಾಂತಿಯ ಜೊತೆಗೇ ಒಂದು ಬೊಗಸೆ ತಣ್ಣನೆ ಗಾಳಿ ಎದೆಗಿಳಿಯಿತು, ಆಗ ಹೊಳೆಯಿತು, ಓಡಿದೆ, ಕೂಗಿದೆ, ಎಚ್ಚರವಿಲ್ಲ, ಕುರ್ಚಿ ಸಮೇತ ಹೊಸ್ತಿಲು ದಾಟಿಸಿ ದರದರ ಎಳೆದೆ, ಪಕ್ಕದ ಮನೆಯ ಡ್ರೈವರ್ ಆಸ್ಪತ್ರೆಗೆ ಒಯ್ದ, ನಾಲ್ಕು ಗಂಟೆ ಹೊತ್ತು ಮೂಗಿಗೆ ಆಕ್ಸಿಜನ್, ಡಾಕ್ಟರು ಅಂದರು ಆ ಕೆಂಪು ಆರೋಗ್ಯದ್ದಲ್ಲ, ಕೆಂಡದ ವಿಷಗಾಳಿಯದ್ದು, ಅದಕ್ಕೆ ಬಣ್ಣವೂ ಇಲ್ಲ ವಾಸನೆಯೂ ಇಲ್ಲ, ಇನ್ನು ಕಾಲು ಗಂಟೆ ತಡವಾಗಿದ್ದರೆ ಕಷ್ಟವಿತ್ತು. ಎಲ್ಲರೂ ಹೊಗಳಿದರು, ಸೊಸೆ ಅಂದರೆ ಹೀಗಿರಬೇಕು ಅಂತ.

ಚಿಮಣಿಯವನು ಮೊನ್ನೆ ಅರ್ಧ ಬಕೆಟ್ ಇಲ್ಲಣ, ಒಳಗೆ ಕಟ್ಟಿದ ಹೊಗೆಮಸಿ, ಇಳಿಸಿದ, ಕೊಳವೆಯನ್ನು ಮಾಡಿನ ನೆತ್ತಿಗಿಂತ ಎರಡಡಿ ಮೇಲಕ್ಕೆ ಏರಿಸಿದ, ಆಮೇಲೆ ಕಿಟಕಿಯ ಟೇಪು ನೋಡಿ ತಲೆಯಾಡಿಸಿದ, ಮನೆಗೂ ಉಸಿರು ಬೇಕಮ್ಮಾ, ನೀವು ಅದರ ಮೂಗು ಬಾಯಿ ಕಟ್ಟಿ ಫ್ಯಾನ್ ಹಾಕಿದ್ರೆ ಅದು ಚಿಮಣಿಯಿಂದಲೇ ಗಾಳಿ ಎಳ್ಕೊಳ್ಳುತ್ತೆ, ಮೇಲೆ ಹೋಗಬೇಕಾದ್ದೆಲ್ಲ ಕೆಳಗಿಳಿಯುತ್ತೆ. ಟೇಪು ಕಿತ್ತಾಯಿತು, ಕಿಟಕಿ ಎರಡು ಬೆರಳಷ್ಟು ತೆರೆದಿದೆ, ಫ್ಯಾನಿನ ಪ್ಲಗ್ಗೇ ಕಿತ್ತಿಟ್ಟಿದ್ದೇನೆ, ಗೋಡೆಯ ಮೇಲೆ ಅಲಾರಂ, ಹಸಿರು ದೀಪ, ವಿಷಗಾಳಿ ಬಂದರೆ ಕೂಗುತ್ತಂತೆ, ಅದೇ ಕೆಟ್ಟು ಕೂತರೆ ಯಾರು ಕೂಗುತ್ತಾರೆ. ತಣ್ಣಗಿನ ಕೊಳವೆ ಹೊಗೆ ಎಳೆಯುವುದಿಲ್ಲ, ಮೊದಲು ಅದನ್ನು ಬೆಚ್ಚಗೆ ಮಾಡಬೇಕು, ಅವನು ತೋರಿಸಿದ ಹಾಗೆ ಹಳೇ ಪೇಪರ್ ಸುರುಳಿ ಸುತ್ತಿ ಹತ್ತಿಸಿ ಕೊಳವೆಯ ಬುಡಕ್ಕೆ ಹಿಡಿದೆ, ಉರಿ ತಡವರಿಸಿತು, ನನ್ನ ಕೈ ಕಡೆ ಹೊರಳಿತು, ಆಮೇಲೆ ಯಾರೋ ಮೇಲಿನಿಂದ ಹೀರಿದ ಹಾಗೆ ಸರ್ರನೆ ಏರಿತು, ಕೊಳವೆ ಗುಂಯ್ ಅಂದಿತು, ಚಕ್ಕೆ ಇಟ್ಟೆ, ಸಣ್ಣ ಸೌದೆ ಇಟ್ಟೆ, ಬಾಗಿಲು ಮುಚ್ಚಿದೆ, ಹೊಗೆ ಇಲ್ಲ, ವಾಸನೆ ಇಲ್ಲ, ಅವತ್ತೂ ವಾಸನೆ ಇರಲಿಲ್ಲ —

ಅತ್ತೆ, ಅವತ್ತು ನಾನು ನಿಮ್ಮನ್ನ ನೋಡಿ ವಾಪಸ್ ಹೋದೆ, ಬಾಯಿಂದ ಹೊರಟೇ ಹೋಯಿತು, ತಿರುಗಿ ನೋಡುವ ಧೈರ್ಯವಿಲ್ಲ, ಸೌದೆ ಚಟಪಟ ಅನ್ನುತ್ತಿದೆ, ಗೊತ್ತು ಕಣೆ ಅಂದರು, ನೀನು ಬಂದದ್ದು, ಶಾಲು ಎಳೆದದ್ದು, ನಿನ್ನ ಹೆಜ್ಜೆ ಹೋದದ್ದು, ಎಲ್ಲ ಕೇಳಿಸ್ತು, ಕಣ್ಣು ಬಿಡೋಕಾಗಲಿಲ್ಲ ಅಷ್ಟೆ. ಹದಿನೆಂಟು ದಿನ ಅತ್ತೆಯೂ ಬಾಯಿ ಬಿಟ್ಟಿಲ್ಲ. ಬೈಯಲಿ, ಒಂದು ಬೈಗುಳವಾದರೂ ಬರಲಿ, ಬರಲಿಲ್ಲ, ನನ್ನ ಮಣಿಕಟ್ಟು ಹಿಡಿದರು, ನಾನು ತೂಕಡಿಸಿದ್ರೆ ಎಬ್ಬಿಸು, ಬೈದರೂ ಎಬ್ಬಿಸು, ಅಂದರು.

ಕೋಣೆ ಬೆಚ್ಚಗಾಗುತ್ತಿದೆ, ಹಿಡಿದ ಕೈ ಸಡಿಲಾಯಿತು, ರೆಪ್ಪೆ ಇಳಿಯುತ್ತಿದೆ, ದೀಪ ಹಸಿರೇ ಇದೆ, ಅತ್ತೆ ಅಂದೆ, ಹ್ಞೂಂ ಅಂದರು, ಎಡಗೆನ್ನೆಗೆ ಬಣ್ಣ ಬರುತ್ತಿದೆ, ಅದು ಒಲೆಯ ಕಡೆಯದು, ಬಿಸಿಗೆ ಕೆಂಪಾಗುವುದು ಸಹಜ, ಬಲಗೆನ್ನೆ ನೋಡಬೇಕು, ಅದು ಬಿಳಿಚಿಕೊಂಡಿದ್ದರೆ ಇದು ಬಿಸಿಯ ಕೆಂಪು, ಅದೂ ಹಾಗೇ ಇದ್ದರೆ — ಕುರ್ಚಿ ಸುತ್ತಿ ಆ ಕಡೆ ಬಂದೆ, ಶಾಲು ಸರಿಸಿದೆ, ಅತ್ತೆ, ಹ್ಞೂಂ, ಒಲೆಯ ಬೆಳಕಿರಬೇಕು, ಕೈ ಅಡ್ಡ ಹಿಡಿದು ನೋಡಿದೆ, ಬಲಗೆನ್ನೆಯೂ ಕೆಂಪಗಿದೆ, ಅತ್ತೆ, ಹ್ಞೂಂ, ಕೆನ್ನೆ ಕೆಂಪಗಿದೆ, ಅತ್ತೆ, ಕೆನ್ನೆ —