ಬೀಗದಂಗಡಿಯೇ ಹೊರಗುಳಿದದ್ದು

ಅತ್ತಿಗೆ ಬೀಗ ತೆಗೆಯುವವಳು, ನಾದಿನಿ ಅಂಗಡಿಯ ಕಂಪ್ಯೂಟರ್ ನೋಡಿಕೊಳ್ಳುವವಳು. ಕೀಲಿಯನ್ನು ಒಳಗೇ ಬಿಟ್ಟು ಬಾಗಿಲು ಎಳೆದುಕೊಂಡವರು ಫೋನಿನಲ್ಲಿ ಹುಡುಕಿದರೆ ಮೊದಲು ಸಿಗುತ್ತಿದ್ದದ್ದು ಇವರ ಜಾಲತಾಣ. ಅಂಗಡಿಗೆ ಅನ್ನ ಬರುತ್ತಿದ್ದದ್ದು ಆ ದಾರಿಯಿಂದ. ಈಚೆಗೆ ಕರೆಗಳು ನಿಂತೇಹೋಗಿದ್ದವು. ಜನ ಜಾಗ್ರತೆ ಕಲಿತಿದ್ದಾರೆ ಎಂದು ಇಬ್ಬರೂ ತಿಳಿದಿದ್ದರು.

ಪಕ್ಕದ ಬೀದಿಯ ಬೀಗದವನು ಬಂದು ಹಲ್ಲು ಕಿರಿದಾಗಲೇ ವಿಷಯ ತಿಳಿದದ್ದು. “ನಿಮ್ಮ ತಾಣದ ಹೆಸರಿನ ಅವಧಿ ಮುಗಿದಿದೆಯಂತಲ್ಲಮ್ಮ. ನಾಳೆ ಸಂಜೆ ಯಾರು ಬೇಕಾದರೂ ಕೊಳ್ಳೋಹಾಗೆ ಬಿಡುಗಡೆಯಾದರೆ ನಾನೇ ತಗೋತೀನಿ. ಒಳ್ಳೇ ಹೆಸರು, ಅನಾಥ ಆಗಬಾರದು.”

ಅವನು ಅತ್ತ ಹೋದದ್ದೇ ತಡ, ನಾದಿನಿ ಉರಿದುಬಿದ್ದಳು. “ಒಂದು ಮಾತೂ ಹೇಳದೆ ಮುಚ್ಚಿದ್ದಾರೆ ಅತ್ತಿಗೆ, ಆ ಹೆಸರು ಕೊಟ್ಟ ಹಾಳಾದ ಕಂಪನಿಯವರು!”

“ಬಯ್ಯೋದು ಆಮೇಲೆ. ಅವರ ಷರತ್ತಿನ ಪುಟ ತೆಗಿ.”

“ಅದನ್ನ ಯಾರಾದ್ರೂ ಓದ್ತಾರಾ? ಇರುವೆ ಸಾಲು ಇದ್ದಹಾಗಿದೆ.”

“ಒಪ್ಪಿಗೆ ಅಂತ ಒತ್ತಿದ್ದು ಯಾರು?”

“ನಾನೇ.”

“ಹಾಗಾದ್ರೆ ಇರುವೆ ನಮ್ಮವೇ. ತೆಗಿ.”

ಬೀಗದ ಹೊಟ್ಟೆ ನೋಡುವ ಭೂತಕನ್ನಡಿಯನ್ನೇ ಅತ್ತಿಗೆ ಪರದೆಗೆ ಹಿಡಿದಳು. ‘ಮಿತಿಯಿಲ್ಲದ ಜಾಗ’ ಎಂಬುದಕ್ಕೆ ಮಿತಿ ಎಷ್ಟು ಎಂದು ಒಂದು ಕಲಮು ಹೇಳುತ್ತಿತ್ತು. ಹೆಸರು ಮಾರಿದ್ದಲ್ಲ, ವರ್ಷದ ಮಟ್ಟಿಗೆ ಕೊಟ್ಟದ್ದು ಎಂದು ಇನ್ನೊಂದು. ಎಚ್ಚರಿಕೆಗಳೆಲ್ಲ ಇಮೇಲಿಗೆ ಬರುತ್ತವೆ ಎಂದು ಮತ್ತೊಂದು. ಮೊದಲು ಬಂದವನ್ನು ನಾದಿನಿ ಜಾಹೀರಾತೆಂದು ಅಳಿಸಿದ್ದಳು. ಆಮೇಲಿನವು ಬರಲು ಇಮೇಲೇ ಇರಲಿಲ್ಲ. ಅವಳು ಕೊಟ್ಟಿದ್ದ ವಿಳಾಸ ಅದೇ ತಾಣದ ಹೆಸರಿನದು. ಹೆಸರು ಸತ್ತೊಡನೆ ಅದೂ ಸತ್ತಿತ್ತು. ಈಗ ಪಾಸ್‌ವರ್ಡ್ ಮರೆತಿದೆ ಎಂದರೆ ಕಂಪನಿ ಗುಟ್ಟಿನ ಅಂಕಿಯನ್ನು ಅಲ್ಲಿಗೇ ಕಳಿಸುತ್ತಿತ್ತು.

“ಕೀಲಿ ಒಳಗಿಟ್ಟು ಬಾಗಿಲು ಎಳ್ಕೊಂಡಿದ್ದೀಯ ಕಣೆ,” ಎಂದಳು ಅತ್ತಿಗೆ. “ಅಂಥವರು ಬಂದ್ರೆ ಒಳಗೆ ಹೋಗಿ ನಗೋಳು ನೀನೇ ತಾನೆ?”

“ಫೋನಿಗೆ ಕಳಿಸಿ ಅಂತಲೂ ಒತ್ತಿದೆ. ಈಗಷ್ಟೇ ಮತ್ತೆ ಒತ್ತಿದೆ. ಅಂಕಿ ಬರಲೇ ಇಲ್ಲ.”

ಅತ್ತಿಗೆ ಭೂತಕನ್ನಡಿ ಇಳಿಸಿದಳು. “ಯಾವಳೋ ಒಬ್ಬಳು ಆಗಿಂದ ಅಂಗಡಿ ಫೋನಿಗೆ ಮಾಡ್ತಿದ್ದಾಳೆ. ಯಾವ ಬೀಗ ತಾಯೀ ಅಂದ್ರೆ ಬರೀ ಅಂಕಿ ಹೇಳ್ತಾಳೆ. ಗಾಬರಿಯಾಗಿದ್ದಾಳೆ ಪಾಪ ಅಂತ, ನೀರು ಕುಡಿದು ಮಾಡಿ ಅಂದೆ.”

“ಅದು ಯಂತ್ರ ಅತ್ತಿಗೆ!”

“ಇರಬಹುದು. ಒಂದು ಸಲವೂ ಎದುರು ಮಾತಾಡಲಿಲ್ಲ.”

ದಿನಕ್ಕೆ ಇಷ್ಟೇ ಕರೆ ಎಂಬ ಷರತ್ತಿನ ಪ್ರಕಾರ ಉಳಿದಿದ್ದದ್ದು ಒಂದೇ ಕರೆ. ನಾದಿನಿ ಒತ್ತಿದಳು. ಫೋನು ಬಡಿದುಕೊಂಡಿತು. ಅತ್ತಿಗೆ ಈ ಸಲ ಏನನ್ನೂ ವಿಚಾರಿಸದೆ, ಕೇಳಿದ ಅಂಕಿಗಳನ್ನು ಒಂದೊಂದಾಗಿ ಗಟ್ಟಿಯಾಗಿ ಹೇಳಿದಳು. ಖಾತೆ ತೆರೆಯಿತು. ನಾದಿನಿಯ ಬೆರಳು ನೆಟ್ಟಗೆ ನವೀಕರಣದ ಒಪ್ಪಿಗೆಯ ಚೌಕಕ್ಕೆ ಓಡಿತು. ಅತ್ತಿಗೆ ಅವಳ ಕೈ ಹಿಡಿದಳು.

“ಮೊದಲು ಬೇರೆ ಇಮೇಲ್ ಹಾಕು. ಉಳಿದದ್ದು ಓದಿ ಮುಗಿಸ್ತೀನಿ.”

“ಅಷ್ಟರಲ್ಲಿ ಅವನು ತಗೊಂಡ್ರೆ?”

“ನಾಳೆ ಸಂಜೆವರೆಗೂ ಯಾರಿಗೂ ಕೊಡೋಹಾಗಿಲ್ಲ. ಓದಿದೀನಿ.”

ಮರುದಿನ ಮಧ್ಯಾಹ್ನ ಪಕ್ಕದ ಬೀದಿಯವನು ಬಂದಾಗ ಅತ್ತಿಗೆ ಕೊನೆಯ ಪುಟದಲ್ಲಿದ್ದಳು. ಅವನೆದುರಿಗೇ ಅದನ್ನು ಮುಗಿಸಿ, “ಈಗ ಒತ್ತು,” ಎಂದಳು. ಹೆಸರು ಮನೆಗೆ ಬಂತು.

ಹೆಸರಿನ ಜೊತೆ ಇಮೇಲೂ ಸತ್ತ ಕಥೆಯನ್ನು ನಾದಿನಿ ಹೇಳಿದಾಗ ಅವನ ಹಲ್ಲು ಒಳಗೆ ಹೋಯಿತು. “ಅಲ್ಲಮ್ಮ, ನಾನು ಕೊಟ್ಟಿರೋ ಇಮೇಲೂ ನನ್ನ ತಾಣದ ಹೆಸರಿಂದೇ...”

“ಷರತ್ತು ಓದಿದ್ದೀರಾ?”

ಅವನು ಆಗಲೇ ತನ್ನಂಗಡಿಯತ್ತ ಬೀದಿಯಲ್ಲಿ ಓಡುತ್ತಿದ್ದ.