ಮೈಕಕ್ಕ ನೋಡಿದ ಹಸಿರು ಬಲೆ

ನಡೆದದ್ದನ್ನೇ ಹೇಳುವುದು. ಸುಳ್ಳಾದರೆ ಬಾಯಲ್ಲಿ ಗುಳ್ಳೆ ಏಳಲಿ ಎಂದು ಆಣೆ ಇಡಬಹುದಿತ್ತು. ಆದರೆ ಮೈಕಕ್ಕನನ್ನು ಬಲ್ಲವರು ಯಾರೂ ಆ ಆಣೆ ಇಡುವುದಿಲ್ಲ.

ಮೈಕಕ್ಕ ಎಂದರೆ ರೈಲು ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಗಾಡಿಗಳ ಸುದ್ದಿ ಹೇಳುತ್ತಿದ್ದವಳು. ಈಗ ನಿವೃತ್ತಿಯಾಗಿದೆ. ಆದರೂ ಆಸ್ಪತ್ರೆಯ ಹಿಂಭಾಗದ ಆ ಹಳೇ ಕೋಣೆ ನೆನಪಾದರೆ ಸಾಕು, ಕೈ ತಾನಾಗಿ ಕೆನ್ನೆಗೆ ಹೋಗುತ್ತದೆ. ಇವತ್ತು ಅಲ್ಲಿ ಗಾಜಿನ ಕಟ್ಟಡ ಎದ್ದಿದೆ. ಯಂತ್ರ ರಕ್ತ ಕುಡಿದು ಅಂಕಿ ಉಗುಳುತ್ತದೆ. ಆಗ ಇದ್ದದ್ದು ಒಂದು ಉದ್ದ ಬೆಂಚು, ಗೊರಕೆ ಹೊಡೆಯುವ ಫ್ರಿಜ್ಜು, ಕಪ್ಪು ಪರದೆಯ ಹಿಂದೆ ಒಂದು ಮೈಕ್ರೋಸ್ಕೋಪು. ಬೆಂಚಿನ ತುಂಬ ಬಾಯಿದ್ದೂ, ಹುಣ್ಣಿನ ನೋವಿಗೆ ಕೈಯಲ್ಲಿ ಮಾತಾಡುವ ರೋಗಿಗಳು. ಒಬ್ಬರ ಸನ್ನೆ ಇನ್ನೊಬ್ಬರಿಗೆ ತಪ್ಪಾಗಿ ಅರ್ಥವಾಗಿ ಜಗಳವೂ ಆಗುತ್ತಿತ್ತು, ಒಂದಿಷ್ಟೂ ಸದ್ದಿಲ್ಲದೆ. ಅಷ್ಟು ಆಪ್ತವಾದ ಬೆಂಚು ಅವಳಿಗೆ ಮತ್ತೆಲ್ಲೂ ಸಿಕ್ಕಿಲ್ಲ.

ಶುರುವಾದದ್ದು ಒಸಡಿನ ಮೇಲಿನ ಒಂದು ಗುಳ್ಳೆಯಿಂದ. ಹಲ್ಲಿನ ಡಾಕ್ಟರು ಪೇಸ್ಟು ಬದಲಾಯಿಸಿ ಅಂದರು. ಗಂಡ, "ಮಾತಾಡಿ ಮಾತಾಡಿ ಸವೆದಿದೆ ಕಣೇ" ಅಂದ. ಗುಳ್ಳೆ ಒಡೆದು ಹುಣ್ಣಾಗಿ ಗಂಟಲಿನವರೆಗೆ ಹಬ್ಬಿ, ನೀರು ಕುಡಿದರೂ ಕೆಂಡ ನುಂಗಿದ ಹಾಗಾದಾಗ ಗಂಡನೇ ಕೈಹಿಡಿದು ಈ ಕೋಣೆಗೆ ಕರೆತಂದ. ಈ ಒಂದು ಅಪರೂಪದ ಕಾಯಿಲೆಯ ಸಂಶೋಧನೆಗೆಂದೇ ಇದ್ದ ಕೋಣೆ; ದೂರದ ಆಸ್ಪತ್ರೆಗಳೂ ಇಲ್ಲಿಗೇ ರಕ್ತ ಕಳಿಸುತ್ತಿದ್ದವು.

"ನಿಮ್ಮ ಮೈಯ ಕಾವಲುಗಾರರೇ ತಪ್ಪು ತಿಳ್ಕೊಂಡಿದ್ದಾರಮ್ಮ," ಎಂದರು ದೊಡ್ಡ ಡಾಕ್ಟ್ರಮ್ಮ. "ಬಾಯೊಳಗಿನ ಚರ್ಮಾನ ಹಿಡಿದಿಡೋ ಗೋಂದನ್ನೇ ಕಿತ್ತು ಹಾಕ್ತಿದ್ದಾರೆ."

ಪಕ್ಕದಲ್ಲೇ ನಿಂತಿದ್ದ ಲ್ಯಾಬಿನ ಹುಡುಗ, ಎಲ್ಲರೂ ಗಿಳಿ ಎಂದೇ ಕರೆಯುತ್ತಿದ್ದವನು, ಅವಳ ರಕ್ತ ತೆಗೆಯುತ್ತ ಹೇಳಿದ: "ಅಕ್ಕಾ, ಇದನ್ನ ಮಂಗನ ಗಂಟಲಿನ ಚೂರಿನ ಮೇಲೆ ಹಾಕಿ ನೋಡ್ತೀವಿ."

"ಮಂಗಂದಾ?" ಅವಳು ತುಟಿ ಅಲುಗಿಸದೆ ಕೇಳಿದಳು.

"ಹೂಂ. ಭಾವನವರಿಗೆ ಹೇಳ್ಬೇಡಿ, ತವರಿನ ಕಡೆಯವರಾ ಅಂತ ಕೇಳ್ತಾರೆ."

ನಗು ಬಂತು. ಬಂದ ನಗುವನ್ನು ಎರಡೂ ಕೈಯಿಂದ ಅದುಮಿ ಹಿಡಿದಳು. ನಕ್ಕರೆ ಬಾಯಿ ಹರಿಯುತ್ತಿತ್ತು.

ಆ ಕೋಣೆಯಲ್ಲೊಂದು ರೂಢಿ. ರೋಗಿಗಳು ತಮ್ಮ ರಕ್ತ ಹಾಕಿದ ಗಾಜಿನ ಪಟ್ಟಿಯನ್ನು ತಾವೇ ನೋಡಬೇಕು. ಪರದೆ ಎಳೆದು, ದೀಪ ಆರಿಸಿ, ಮೈಕ್ರೋಸ್ಕೋಪಿಗೆ ಕಣ್ಣಿಟ್ಟರೆ ಕತ್ತಲಲ್ಲಿ ಹೊಳೆಯುವ ಹಸಿರು ಬಲೆ. ರಕ್ತದ ದಾರಿ ತಪ್ಪಿದ ಕಾವಲುಗಾರರು ಮಂಗನ ಚೂರಿಗೆ ಅಂಟಿಕೊಂಡ ಗುರುತು; ಅದೇ ಕಾಯಿಲೆ. ಮೊದಲ ಸಲ ನೋಡಿದಾಗ ಮೈಕಕ್ಕನಿಗೆ ಸೆರಗಿಗೆ ಹಾಕಿಸಿಕೊಳ್ಳಬೇಕು ಅನ್ನಿಸುವಷ್ಟು ಚೆಂದ ಕಂಡಿತ್ತು. ಆಮೇಲಾಮೇಲೆ ಹೊಟ್ಟೆ ಉರಿಯಿತು.

ಗುಳಿಗೆಗಳಿಂದ ಮುಖ ಊದಿಕೊಂಡಿತು, ಹುಣ್ಣು ಮಾಯಿತು. ಆದರೂ ಡಾಕ್ಟ್ರಮ್ಮ ಮೈಕಿಗೆ ಬಿಡಲಿಲ್ಲ. "ಬಲೆ ಆರ್ಲಿ. ಅದಿರೋವರೆಗೂ ಗುಳ್ಳೆ ಮತ್ತೆ ಏಳಬಹುದು." ಇತ್ತ ನಿಲ್ದಾಣದಲ್ಲಿ ಅವಳ ಹಳೇ ಧ್ವನಿಯ ಟೇಪು ಓಡುತ್ತಿತ್ತು. ಆಸ್ಪತ್ರೆಗೆ ಹೋಗಲು ಗಾಡಿ ಕಾಯುವಾಗ ಗಟ್ಟಿಮುಟ್ಟಾದ ಆ ಧ್ವನಿ ತಲೆಯ ಮೇಲಿಂದ ಬಂದರೆ, ಸತ್ತ ಅಕ್ಕನೊಬ್ಬಳು ಕರೆದಂತೆ ಕಣ್ಣು ತುಂಬುತ್ತಿತ್ತು. ಸ್ಟೇಷನ್ ಮಾಸ್ತರರು ಒಳ್ಳೆಯವರೇ, ಆದರೂ ಹೇಳಿಬಿಟ್ಟಿದ್ದರು: "ಹೊಸ ಟೈಮ್‌ಟೇಬಲ್ ಬಂದ್ರೆ ಟೇಪು ಕೆಲಸಕ್ಕೆ ಬರಲ್ಲಮ್ಮ. ಅಷ್ಟರೊಳಗೆ ನೀವು ಬರ್ಲಿಲ್ಲ ಅಂದ್ರೆ ಬೇರೆಯವರು ಕೂರ್ತಾರೆ. ನಿಮಗೆ ಪಾರ್ಸೆಲ್ ಆಫೀಸು." ಮೂಟೆಗಳ ಮಧ್ಯೆ ಬಾಯಿ ಹೊಲಿದುಕೊಂಡು ಕೂರುವುದನ್ನು ನೆನೆದೇ ಅವಳಿಗೆ ಜೀವ ಹಿಂಡಿದಂತಾಯಿತು.

ಹೊಸ ಟೈಮ್‌ಟೇಬಲ್ಲಿಗೆ ಮುಂಚಿನ ಕೊನೆಯ ತಪಾಸಣೆ. ಗಿಳಿ ಪರದೆ ಎಳೆದ. ಡಾಕ್ಟ್ರಮ್ಮ ಕೈಕಟ್ಟಿ ನಿಂತರು. ಮೈಕಕ್ಕ ಕಣ್ಣಿಟ್ಟಳು. ಕಾಡಿಗೆಯಂಥ ಕಪ್ಪು.

"ಏನೂ ಕಾಣ್ತಿಲ್ವಲ್ಲೋ."

"ಹೌದಾ?"

"ಬಲ್ಬು ಹೋಗಿದೆ ನೋಡೋ."

ಗಿಳಿ ಏನೋ ಸರಿಸಿದ. "ಈಗ ನೋಡಿ."

ಬಲೆ! ಎಳೆ ಎಳೆಯೂ ಎಣಿಸುವ ಹಾಗೆ, ಮೊದಲ ದಿನದಷ್ಟೇ ಹಸಿರು. ಪಾರ್ಸೆಲ್ ಆಫೀಸಿನ ಸೆಣಬಿನ ವಾಸನೆ ಮೂಗಿಗೇ ಬಡಿಯಿತು. ಕಣ್ಣು ತೆಗೆಯದೆ ಕೇಳಿದಳು, "ಇಷ್ಟು ಗುಳಿಗೆ ನುಂಗಿದ್ದೆಲ್ಲ ದಂಡನಾ?"

"ಸಾಕು ಮಾಡೋ, ಪಾಪ," ಎಂದರು ಡಾಕ್ಟ್ರಮ್ಮ.

ಆಗ ಕತ್ತಲಿನಲ್ಲಿ, ಅವಳ ಬೆನ್ನ ಹಿಂದೆ, ಅವಳದೇ ಧ್ವನಿ ಕೇಳಿತು. ಅದೇ ಮೂಗು, ಅದೇ ರಾಗ, ವಾಕ್ಯದ ಕೊನೆಗೆ ಅದೇ ಜಾರು:

"ಪ್ರಯಾಣಿಕರ ಗಮನಕ್ಕೆ! ಈಗ ತಾವು ನೋಡಿದ ಹಸಿರು ಬಲೆ ಬೇರೊಬ್ಬ ಪ್ರಯಾಣಿಕರದು; ಬಲ್ಬು ನೆಟ್ಟಗಿದೆ ಎಂದು ತೋರಿಸಲು ಹಾಕಲಾಗಿದೆ. ಮೊದಲು ನೋಡಿದ ಕತ್ತಲೆಯೇ ತಮ್ಮದು. ಮೈಕಕ್ಕನವರ ಬಲೆಯನ್ನು ಸದ್ಯಕ್ಕೆ ರದ್ದುಗೊಳಿಸಲಾಗಿದೆ. ಇದರಿಂದ ಉಂಟಾದ ಆನಂದಕ್ಕಾಗಿ ವಿಷಾದಿಸುತ್ತೇವೆ!"

ಮೈಕಕ್ಕ ಸ್ಟೂಲಿನ ಮೇಲೆ ಗಿರ್ರನೆ ತಿರುಗಿದಳು. "ಲೋ ಕತ್ತೇ! ನನ್ನ ಜೀವ ಬಾಯಿಗೆ ಬಂದಿತ್ತಲ್ಲೋ!" ಎಂದು ಗಿಳಿಯ ಬೆನ್ನಿಗೊಂದು ಗುದ್ದಿದಳು.

"ಬಂದಿದ್ರೆ ಅಲ್ಲೇ ಇರ್ಲಿ ಅಕ್ಕಾ, ಬಾಯಿ ಈಗ ಖಾಲಿ ಇದೆ."

ಡಾಕ್ಟ್ರಮ್ಮ ಕನ್ನಡಕ ತೆಗೆದು ನಕ್ಕರು. ಪರದೆಯಾಚೆ ಬೆಂಚಿನವರು ಅಂಗೈಯಿಂದ ಬಾಯಿ ಮುಚ್ಚಿಕೊಂಡು, ಹೆಗಲು ಕುಣಿಸುತ್ತ ನಕ್ಕರು. ಮೈಕಕ್ಕನ ಕೈಗಳು ಅಭ್ಯಾಸಬಲದಿಂದ ತುಟಿಯವರೆಗೆ ಹೋದವು, ಅಲ್ಲೇ ತಡೆದವು, ಕೆಳಗಿಳಿದವು. ಆಮೇಲೆ ಅವಳು ನಕ್ಕಳು ನೋಡಿ, ಕಿರುನಾಲಿಗೆ ಕಾಣುವ ಹಾಗೆ, ಫ್ರಿಜ್ಜಿನ ಗೊರಕೆ ಮುಳುಗುವ ಹಾಗೆ, ಅಲ್ಲಿದ್ದ ಎಲ್ಲರಿಗಿಂತ ಜೋರಾಗಿ.